ನಲ್ಲಿ ನೀರಿಗೆ ಕೊಳೆ ಸೇರಿದ್ದು ಎಲ್ಲಿ?

ಪ್ರಯೋಗಾಲಯದ ವರದಿಯಲ್ಲಿ ‘ಕೋಲಿಫಾರ್ಮ್ ಇದೆ, ಇ. ಕೋಲಿ ಇದೆ, ಕುಡಿಯಲು ಯೋಗ್ಯವಲ್ಲ’ ಎಂದು ಬಂದ ಮರುದಿನ ಮಲೆನಾಡಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಕೆಲಸ. ನೀರುಗಂಟಿ ಟ್ಯಾಂಕ್ ಹತ್ತುತ್ತಾನೆ, ಎರಡು ಬೊಗಸೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾನೆ, ಇಳಿಯುತ್ತಾನೆ. ಮುಂದಿನ ಮಾದರಿ ಸರಿ ಬಂದರೆ ಕಡತ ಮುಚ್ಚುತ್ತದೆ. ಕೊಳೆ ಒಳಗೆ ಬಂದ ದಾರಿ ಮಾತ್ರ ಹಾಗೇ ತೆರೆದಿರುತ್ತದೆ. ಮುಂದಿನ ಜಡಿಮಳೆಗೆ ಮತ್ತೆ ಅದೇ ವರದಿ.

ವರದಿ ಹೇಳುವುದು ಇಷ್ಟೇ: ಆ ದಿನ, ಆ ಹೊತ್ತಿಗೆ, ಆ ನಲ್ಲಿಯಿಂದ ಹಿಡಿದ 100 ಮಿಲಿಲೀಟರ್ ನೀರಿನಲ್ಲಿ ಮಲದ ಗುರುತು ಇತ್ತು. ಅದು ಎಲ್ಲಿ ಸೇರಿತು, ಈಗಲೂ ಸೇರುತ್ತಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಉತ್ತರ ಬೇಕಿದ್ದರೆ ನೀರಿನ ಮೂಲದಿಂದ ಕೊನೆಯ ಮನೆಯವರೆಗೆ ಕ್ಲೋರಿನ್ ಅಳೆಯುತ್ತ, ಪೈಪ್ ಲೈನನ್ನು ಕಣ್ಣಾರೆ ನೋಡುತ್ತ ನಡೆಯಬೇಕು. ಇಡೀ ತನಿಖೆಯಲ್ಲಿ ಅತಿ ಅಗ್ಗದ ಕೆಲಸವೂ ಇದೇ, ಹೆಚ್ಚಾಗಿ ಬಿಟ್ಟುಹೋಗುವ ಕೆಲಸವೂ ಇದೇ.

ಹುಡುಕುವುದು ಏನನ್ನು

ಟೈಫಾಯ್ಡ್, ಕಾಲರಾ, ರಕ್ತಭೇದಿ ಒಂದೊಂದಕ್ಕೂ ಒಂದೊಂದು ಬ್ಯಾಕ್ಟೀರಿಯಾ. ನೀರಿನಲ್ಲಿ ಅವು ಇದ್ದರೂ ವಿರಳವಾಗಿ ಇರುತ್ತವೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬೆಳೆಸಿ ನೋಡುವ ಹೊತ್ತಿಗೆ ಊರಿಗೆ ಊರೇ ಹಾಸಿಗೆ ಹಿಡಿದಿರುತ್ತದೆ. ಆದ್ದರಿಂದ ಪರೀಕ್ಷೆ ಮಾಡುವವರು ‘ಮಲ ಬೆರೆತಿದೆಯೇ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತಾರೆ. ಮನುಷ್ಯ, ದನ, ನಾಯಿ, ಮಂಗ ಎಲ್ಲರ ಕರುಳಿನಲ್ಲೂ ಕೋಟಿಗಟ್ಟಲೆ ಇರುವ ಇ. ಕೋಲಿ ಅದಕ್ಕೆ ಗುರುತು. 1885ರಲ್ಲಿ ಮಕ್ಕಳ ವೈದ್ಯ ಥಿಯೋಡೋರ್ ಎಶೆರಿಚ್ ವಿವರಿಸಿದ ಈ ಬ್ಯಾಕ್ಟೀರಿಯಾದ ಹೆಚ್ಚಿನ ತಳಿಗಳು ರೋಗ ತರುವುದಿಲ್ಲ. ಆದರೆ ಅದು ನೀರಿಗೆ ಬಂದ ದಾರಿಯಲ್ಲೇ ಟೈಫಾಯ್ಡ್ ಕೂಡ ಬರಬಹುದು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲಿಯೂ ಕಾಣಬಾರದು, ಇ. ಕೋಲಿಯನ್ನೂ ಒಳಗೊಂಡ ದೊಡ್ಡ ಗುಂಪಾದ ಒಟ್ಟು ಕೋಲಿಫಾರ್ಮ್‌ಗಳೂ ಕಾಣಬಾರದು. ಈ ಎರಡನ್ನು ಬೇರೆಬೇರೆಯಾಗಿ ಓದುವುದು ಮಲೆನಾಡಿನಲ್ಲಿ ಮುಖ್ಯ. ಕೋಲಿಫಾರ್ಮ್ ಗುಂಪಿನ ಹಲವು ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ, ಕೊಳೆತ ದರಗಿನಲ್ಲಿ, ಸೊಪ್ಪಿನಲ್ಲಿ ತಾವಾಗಿಯೇ ಬದುಕುತ್ತವೆ. ಜುಲೈ ತಿಂಗಳಲ್ಲಿ ತೆರೆದ ಬಾವಿಯ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ ಸಿಕ್ಕರೆ ಅದು ಮಳೆನೀರು ಒಳಗೆ ಇಳಿಯುತ್ತಿದೆ ಎಂಬ ಸುದ್ದಿ. ಇ. ಕೋಲಿಯೂ ಜೊತೆಗಿದ್ದರೆ ಇಳಿಯುತ್ತಿರುವ ನೀರು ಕೊಟ್ಟಿಗೆಯನ್ನೋ ಶೌಚದ ಗುಂಡಿಯನ್ನೋ ಮುಟ್ಟಿ ಬಂದಿದೆ ಎಂದು ಅರ್ಥ. ಕ್ಲೋರಿನ್ ಹಾಕಿದ ಟ್ಯಾಂಕಿನ ನಂತರದ ನಲ್ಲಿಯಲ್ಲಿ ಬರೀ ಒಟ್ಟು ಕೋಲಿಫಾರ್ಮ್ ಬಂದರೂ ಕೂತು ಯೋಚಿಸಬೇಕು. ಟ್ಯಾಂಕ್ ದಾಟಿದ ಮೇಲೆ ಎಲ್ಲೋ ಮಣ್ಣಿನ ಸಂಪರ್ಕವಾಗಿದೆ, ಇಲ್ಲವೇ ಕ್ಲೋರಿನ್ ಸಾಲುತ್ತಿಲ್ಲ.

ಇನ್ನೊಂದು ಮಿತಿಯೂ ಇದೆ. ಕ್ಲೋರಿನ್‌ಗೆ ಇ. ಕೋಲಿ ಬೇಗ ಸಾಯುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಅದಕ್ಕಿಂತ ಗಟ್ಟಿ, ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಜೀವಿ ಮಾಮೂಲಿ ಪ್ರಮಾಣದ ಕ್ಲೋರಿನ್‌ಗೆ ಜಗ್ಗುವುದೇ ಇಲ್ಲ. ಹಾಗಾಗಿ ವಾಂತಿಭೇದಿ ಇರುವ ಊರಿನಲ್ಲಿ ‘ಇ. ಕೋಲಿ ಇಲ್ಲ’ ಎಂಬ ಒಂದು ಹಾಳೆ ನೀರನ್ನು ಪೂರ್ತಿ ಖುಲಾಸೆ ಮಾಡುವುದಿಲ್ಲ.

ಮಾದರಿ ಕೆಟ್ಟರೆ ಎಲ್ಲವೂ ಕೆಟ್ಟಂತೆ

ಲ್ಯಾಬ್ ಕೊಡುವ ಕ್ರಿಮಿರಹಿತ ಬಾಟಲಿಯ ತಳದಲ್ಲಿ ಚೂರು ಬಿಳಿ ಪುಡಿಯೋ ಒಣಗಿದ ಹನಿಯೋ ಇರುತ್ತದೆ. ಕೊಳೆ ಎಂದು ತಿಳಿದು ಅದನ್ನು ತೊಳೆದು ಚೆಲ್ಲುವವರು ಬಹಳ ಮಂದಿ. ಅದು ಸೋಡಿಯಂ ಥಯೋಸಲ್ಫೇಟ್. 120 ಮಿ.ಲೀ. ಬಾಟಲಿಗೆ ಶೇ. 3ರ ದ್ರಾವಣ 0.1 ಮಿ.ಲೀ. ಹಾಕಿದ್ದರೆ ಲೀಟರಿಗೆ 5 ಮಿಲಿಗ್ರಾಂವರೆಗಿನ ಕ್ಲೋರಿನ್ ಅನ್ನು ಅದು ತಟಸ್ಥಗೊಳಿಸುತ್ತದೆ. ಅದಿಲ್ಲದಿದ್ದರೆ ಬಾಟಲಿಯೊಳಗೇ ಕ್ಲೋರಿನ್ ಕೆಲಸ ಮುಂದುವರಿದು, ನಲ್ಲಿಯಲ್ಲಿ ಇದ್ದ ಬ್ಯಾಕ್ಟೀರಿಯಾ ಲ್ಯಾಬ್ ತಲುಪುವಷ್ಟರಲ್ಲಿ ಸತ್ತಿರುತ್ತದೆ. ವರದಿ ಚೆನ್ನಾಗಿ ಬರುತ್ತದೆ, ನೀರು ಮಾತ್ರ ಹಾಗೇ ಇರುತ್ತದೆ.

ನಲ್ಲಿ ಆರಿಸುವಾಗ ಸೋರುವ ನಲ್ಲಿ, ಮೂತಿಗೆ ಬಟ್ಟೆ ಕಟ್ಟಿದ ನಲ್ಲಿ, ರಬ್ಬರ್ ಪೈಪ್ ಸಿಕ್ಕಿಸಿದ ನಲ್ಲಿ ಬೇಡ. ಮನೆಯ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ನಲ್ಲಿಯೂ ಬೇಡ. ಲೈನಿನಿಂದ ನೇರ ಬರುವುದೇ ಆಗಬೇಕು. ಎರಡು ಮೂರು ನಿಮಿಷ ನೀರು ಬಿಟ್ಟು, ನಿಲ್ಲಿಸಿ, ಮೂತಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಲೋಹದ ನಲ್ಲಿಯಾದರೆ ಅದೇ ಹತ್ತಿಗೆ ಬೆಂಕಿ ಹಚ್ಚಿ ಸುಡುವುದೂ ಉಂಟು, ಪ್ಲಾಸ್ಟಿಕ್ ನಲ್ಲಿಗೆ ಅದು ಆಗದು. ಮತ್ತೆ ಒಂದು ನಿಮಿಷ ಸಣ್ಣಗೆ ನೀರು ಬಿಟ್ಟು, ಬಾಟಲಿಯ ಮುಚ್ಚಳವನ್ನು ನೆಲದ ಮೇಲಿಡದೆ ಕೈಯಲ್ಲೇ ಕೆಳಮುಖ ಹಿಡಿದು ತುಂಬಬೇಕು. ಕಂಠದವರೆಗೆ ತುಂಬದೆ ಒಂದು ಇಂಚು ಜಾಗ ಬಿಟ್ಟರೆ ಲ್ಯಾಬಿನಲ್ಲಿ ಕುಲುಕಲು ಬರುತ್ತದೆ.

ಬಾಟಲಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ, ಏನೇ ಆದರೂ 24 ಗಂಟೆಯೊಳಗೆ ತಲುಪಿಸಬೇಕು. ಹೊಸನಗರ ತಾಲ್ಲೂಕಿನ ನಗರ, ಆಗುಂಬೆ ಕಡೆಯ ಊರಿನವರು ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಮಾದರಿ ಹಿಡಿದರೆ ಮಾತ್ರ ಶಿವಮೊಗ್ಗದಲ್ಲಿ ಮಧ್ಯಾಹ್ನದೊಳಗೆ ಪರೀಕ್ಷೆ ಶುರುವಾದೀತು. ಶನಿವಾರ ಒಯ್ಯುವುದಾದರೆ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು. ಪರೀಕ್ಷೆಯನ್ನು 24 ಮತ್ತು 48 ಗಂಟೆಗೆ ನೋಡಬೇಕು, ಭಾನುವಾರ ನೋಡುವವರು ಇರಬೇಕಲ್ಲ. ಬಾಟಲಿಯ ಮೇಲೆ ಸ್ಥಳ, ದಿನ, ಗಂಟೆಯ ಜೊತೆಗೆ ಆ ಕ್ಷಣದ ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್) ಎಷ್ಟು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನೂ ಬರೆಯಬೇಕು. ಈ ಎರಡು ಮಾಹಿತಿ ಇಲ್ಲದ ಬ್ಯಾಕ್ಟೀರಿಯಾ ವರದಿಯಿಂದ ತನಿಖೆಗೆ ಸಿಗುವುದು ಅರ್ಧ ಉಪಯೋಗ ಮಾತ್ರ.

ವರದಿ ಓದುವಾಗ ಒಂದು ಸಣ್ಣ ಗೊಂದಲ ಪದೇ ಪದೇ ಆಗುತ್ತದೆ. ಹಲವು ಕೊಳವೆಗಳಲ್ಲಿ ನೀರನ್ನು ಬೇರೆಬೇರೆ ಪ್ರಮಾಣದಲ್ಲಿ ಬೆಳೆಸಿ, ಎಷ್ಟು ಕೊಳವೆಯಲ್ಲಿ ಅನಿಲ ಹುಟ್ಟಿತು ಎಂದು ಎಣಿಸುವ ಎಂಪಿಎನ್ ವಿಧಾನದಲ್ಲಿ ಉತ್ತರ ಒಂದು ಅಂದಾಜು ಸಂಖ್ಯೆ. ಯಾವ ಕೊಳವೆಯಲ್ಲೂ ಏನೂ ಬೆಳೆಯದಿದ್ದರೆ ‘1.8ಕ್ಕಿಂತ ಕಡಿಮೆ’ ಅಥವಾ ‘2ಕ್ಕಿಂತ ಕಡಿಮೆ’ ಎಂದು ಬರೆಯುತ್ತಾರೆ, ಸೊನ್ನೆ ಎಂದು ಬರೆಯುವುದಿಲ್ಲ. ಅದನ್ನು ನೋಡಿ ‘ಎರಡು ಇದೆಯಂತೆ’ ಎಂದು ಗಾಬರಿಯಾಗಬೇಕಿಲ್ಲ. ಏನೂ ಸಿಗಲಿಲ್ಲ ಎಂದೇ ಅದರ ಅರ್ಥ. 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ 100 ಮಿ.ಲೀ. ಸೋಸಿ, ಪೊರೆಯ ಮೇಲೆ ಬೆಳೆದ ಚುಕ್ಕಿಗಳನ್ನು ಎಣಿಸುವ ಇನ್ನೊಂದು ವಿಧಾನದಲ್ಲಿ ಸೊನ್ನೆ ಎಂದರೆ ಸೊನ್ನೆಯೇ.

ಹಳ್ಳಿಗಳಿಗೆ ಕೊಟ್ಟಿರುವ ಎಚ್‌ಟುಎಸ್ ಬಾಟಲಿಯದು ಬೇರೆ ಕಥೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಾಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಸರಳ: ಗುರುತಿನವರೆಗೆ ನೀರು ತುಂಬಿ ಬೆಚ್ಚಗಿಟ್ಟರೆ, ಮಲ ಬೆರೆತ ನೀರು ಕಪ್ಪಾಗುತ್ತದೆ. ಕಪ್ಪು ಮಾಡುವುದು ಇ. ಕೋಲಿ ಅಲ್ಲ, ಅದರ ಜೊತೆಗೇ ಮಲದಲ್ಲಿ ಬರುವ, ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುವ ಬೇರೆ ಬ್ಯಾಕ್ಟೀರಿಯಾಗಳು. ಇದಕ್ಕೆ 30ರಿಂದ 37 ಡಿಗ್ರಿ ಕಾವು ಬೇಕು. ಮಳೆಗಾಲದ ಮಲೆನಾಡಿನ ಮನೆಯೊಳಗೆ ಅಷ್ಟು ಕಾವು ಇರುವುದಿಲ್ಲ, ಹಾಗಾಗಿ 24 ಗಂಟೆಗೆ ಕಪ್ಪಾಗಲಿಲ್ಲ ಎಂದು ಬಾಟಲಿ ಚೆಲ್ಲಿಬಿಡುವುದು ತಪ್ಪು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಉಗುರುಬೆಚ್ಚಗಿನ ನೀರಿನ ಬಾಟಲಿಯ ಜೊತೆ ಇಟ್ಟು, ಆ ನೀರನ್ನು ಆಗಾಗ ಬದಲಿಸಿ, 48 ಗಂಟೆ ಕಾಯಬೇಕು. ಹಂಡೆ ಒಲೆಯ ಕಟ್ಟೆಯ ಮೇಲಿಟ್ಟರೆ ಕಾವು ವಿಪರೀತವಾಗಿ ಬ್ಯಾಕ್ಟೀರಿಯಾ ಬೇಯುವುದೂ ಸಾಧ್ಯ. ಆಳದ ಕೊಳವೆಬಾವಿಯ ನೀರಿನಲ್ಲಿ ಮೊದಲೇ ಸಲ್ಫೈಡ್ ಇದ್ದರೆ ಬಾಟಲಿ ಸುಳ್ಳೇ ಕಪ್ಪಾಗುತ್ತದೆ; ನೀರು ಹಾಕಿದ ಕೆಲವೇ ನಿಮಿಷಕ್ಕೆ ಕಪ್ಪಾದರೆ ಅನುಮಾನಿಸಿ. ಕ್ಲೋರಿನ್ ಇರುವ ನೀರಿಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಬಾವಿ, ಅಬ್ಬಿ, ಕ್ಲೋರಿನ್ ಕಾಣದ ಕೊನೆಯ ನಲ್ಲಿಗಳಿಗೆ ಇದು ಚೆನ್ನಾಗಿ ಒದಗುತ್ತದೆ.

ಟಿಡಿಎಸ್ ಪೆನ್ ಅದ್ದಿ ‘ನಲವತ್ತೇ ತೋರಿಸಿತು, ಶುದ್ಧ ನೀರು’ ಎನ್ನುವವರಿಗೆ ಒಂದು ಮಾತು. ಆ ಪೆನ್ ಅಳೆಯುವುದು ಕರಗಿದ ಲವಣವನ್ನು, ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ.

ಕ್ಲೋರಿನ್ ಹಿಡಿದು ನಡೆಯುವುದು

ಬ್ಯಾಕ್ಟೀರಿಯಾ ಪರೀಕ್ಷೆಗೆ ಎರಡು ದಿನ ಬೇಕು, ಕ್ಲೋರಿನ್ ಪರೀಕ್ಷೆಗೆ ಎರಡು ನಿಮಿಷ. ಕೊಳೆ ನೀರು ಒಳಗೆ ಬಂದಲ್ಲೆಲ್ಲ ಅದರ ಸಾವಯವ ಅಂಶ, ಅಮೋನಿಯಾ, ಮಣ್ಣು ಕ್ಲೋರಿನ್ ಅನ್ನು ತಿನ್ನುತ್ತವೆ. ಆದ್ದರಿಂದ ಉಳಿಕೆ ಕ್ಲೋರಿನ್ ಎಲ್ಲಿ ಥಟ್ಟನೆ ಕುಸಿಯಿತೋ ಅಲ್ಲೇ ತೂತು ಹುಡುಕಬೇಕು.

ನಲ್ಲಿಯಲ್ಲಿ ಸ್ವತಂತ್ರ, ಅಂದರೆ ಅಮೋನಿಯಾ ಜೊತೆ ಸೇರಿಕೊಳ್ಳದ, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಮಾನಕ. ವೈರಸ್‌ನಿಂದಲೂ ರಕ್ಷಣೆ ಬೇಕಿದ್ದಾಗ 0.5. ಅಳೆಯಲು, ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಮಾಡುವ ಡಿಪಿಡಿ ಮಾತ್ರೆ ಬಳಸಿ. 1ನೇ ನಂಬರಿನ ಮಾತ್ರೆ ಸ್ವತಂತ್ರ ಕ್ಲೋರಿನ್ ತೋರಿಸುತ್ತದೆ, ಅದೇ ಕೊಳವೆಗೆ 3ನೇ ನಂಬರಿನದು ಹಾಕಿದರೆ ಒಟ್ಟು ಕ್ಲೋರಿನ್. ಎರಡರ ನಡುವಿನ ವ್ಯತ್ಯಾಸ ದೊಡ್ಡದಾಗಿದ್ದರೆ ನೀರಿನಲ್ಲಿ ಅಮೋನಿಯಾ ಇದೆ, ಅಂದರೆ ಚರಂಡಿಯೋ ಗಂಜಲವೋ ಬೆರೆತಿರುವ ಸಾಧ್ಯತೆ ಇದೆ. ಹಳೆಯ ಓಟಿ (ಆರ್ಥೋಟಾಲಿಡಿನ್) ದ್ರಾವಣದ ಹಳದಿ ಬಣ್ಣದಲ್ಲಿ ಈ ಎರಡನ್ನು ನಂಬಿಕೆಯಿಂದ ಬೇರ್ಪಡಿಸಲು ಆಗದು. ಮೇಲಾಗಿ ಅದರ ರಾಸಾಯನಿಕ ಕ್ಯಾನ್ಸರ್‌ಕಾರಕ ಎಂಬ ಶಂಕೆಯಿಂದ ಹಲವೆಡೆ ಕೈಬಿಟ್ಟಿದ್ದಾರೆ. ಡಿಪಿಡಿಗೂ ಒಂದು ಬಲೆ ಇದೆ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಒಮ್ಮೆ ಮೂಡಿ ತಕ್ಷಣ ಬಿಳುಚಿಕೊಳ್ಳುತ್ತದೆ, ನೋಡಿದವರು ‘ಕ್ಲೋರಿನ್ ಇಲ್ಲ’ ಎಂದು ಇನ್ನಷ್ಟು ಸುರಿಯುತ್ತಾರೆ. ಮೂಗಿಗೆ ಘಾಟು ಬಡಿಯುತ್ತಿದ್ದೂ ಬಣ್ಣ ಬರದಿದ್ದರೆ, ಒಂದು ಭಾಗ ಆ ನೀರಿಗೆ ಒಂಬತ್ತು ಭಾಗ ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಮತ್ತೆ ನೋಡಿ ಹತ್ತರಿಂದ ಗುಣಿಸಿ.

ನೀರು ಬಿಟ್ಟ ಮೇಲೆ ಟ್ಯಾಂಕಿನ ಹೊರದಾರಿಯಿಂದ ಶುರುಮಾಡಿ. ಒಂದು ಊರಿನ ಲೆಕ್ಕ ಹೀಗಿರಬಹುದು ಎಂದು ಊಹಿಸಿ: ಟ್ಯಾಂಕಿನ ಬುಡದಲ್ಲಿ 0.6, ದೇವಸ್ಥಾನದ ವಾಲ್ವಿನಲ್ಲಿ 0.6, ಶಾಲೆಯ ನಲ್ಲಿಯಲ್ಲಿ 0.5, ಕೆಳಕೇರಿಯ ಮೊದಲ ಮನೆಯಲ್ಲಿ 0.1, ಕೊನೆಯ ಮನೆಯಲ್ಲಿ ಏನೂ ಇಲ್ಲ. ಶಾಲೆಗೂ ಕೆಳಕೇರಿಗೂ ನಡುವೆ ಕ್ಲೋರಿನ್ ಕುಸಿದಿದೆ. ಅಲ್ಲಿ ರಸ್ತೆಯ ಮೋರಿಯೊಳಗೇ ಪೈಪ್ ಹಾದುಹೋಗಿದೆಯೇ, ಜೋಡಣೆ ಬಿಟ್ಟಿದೆಯೇ ನೋಡಬೇಕು. ಪ್ರತಿ ಅಳತೆಯಲ್ಲೂ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋದರೆ ಅದು ಒಂದೇ ತೂತಿನ ಗುರುತಲ್ಲ. ನೀರು ಲೈನಿನಲ್ಲಿ ಬಹಳ ಹೊತ್ತು ನಿಂತಿದೆ, ಅಥವಾ ಪೈಪಿನ ಒಳಗೋಡೆಯಲ್ಲಿ ಕಬ್ಬಿಣದ ಗಸಿ, ಲೋಳೆ ಕಟ್ಟಿದೆ. ಟ್ಯಾಂಕಿನ ಬುಡದಲ್ಲೇ ಸೊನ್ನೆ ಬಂದರೆ ಲೈನ್ ನಡೆಯುವ ಮೊದಲು ಟ್ಯಾಂಕ್ ಮತ್ತು ಮೂಲವನ್ನು ನೋಡಬೇಕು. ಬ್ಯಾಕ್ಟೀರಿಯಾ ಮಾದರಿಗಳನ್ನೂ ಕುಸಿತದ ಆಚೆ ಈಚೆ ಒಂದೊಂದು ಹಿಡಿದರೆ ಲ್ಯಾಬಿನ ಶ್ರಮ ಸಾರ್ಥಕ.

ಪೈಪು ನೀರು ಕೊಡುವುದಷ್ಟೇ ಅಲ್ಲ, ಕುಡಿಯುತ್ತದೆ ಕೂಡ

ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಲೈನಿನಲ್ಲಿ ಉಳಿದ ಹೊತ್ತು ಒತ್ತಡ ಇರುವುದಿಲ್ಲ. ಗುಡ್ಡದ ಊರಿನಲ್ಲಿ ಇದು ಇನ್ನೂ ಕೆಟ್ಟದು. ವಾಲ್ವ್ ಮುಚ್ಚಿದ ಮೇಲೆ ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಮೇಲಿನ ಪೈಪಿನ ನೀರು ಕೆಳಗಿಳಿಯುತ್ತದೆ, ಮೇಲ್ಭಾಗದಲ್ಲಿ ನಿರ್ವಾತ ಹುಟ್ಟುತ್ತದೆ, ಅಲ್ಲಿರುವ ಯಾವ ಸಣ್ಣ ಬಿರುಕಿನಿಂದಲೂ ಹೊರಗಿನ ನೀರನ್ನು ಪೈಪ್ ಒಳಗೆಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಹೊರಗೆ ಸೋರುವ ಜಾಗವೇ ನೀರು ನಿಂತಾಗ ಒಳಗೆ ಸೋರುವ ಜಾಗ.

ಎಲ್ಲಿ ನೋಡಬೇಕು? ವಾಲ್ವ್ ಗುಂಡಿಗಳು ಮೊದಲು. ಮಳೆಗಾಲದಲ್ಲಿ ಇವು ತುಂಬಿ, ವಾಲ್ವಿನ ಗ್ಲ್ಯಾಂಡ್ (ದಂಡದ ಸುತ್ತ ಸೋರಿಕೆ ತಡೆಯುವ ಭಾಗ) ಕೆಸರು ನೀರಿನಲ್ಲಿ ಮುಳುಗಿರುತ್ತದೆ. ಅದಕ್ಕಿಂತ ಅಪಾಯ ಏರುಜಾಗದ ಏರ್ ವಾಲ್ವ್: ನಿರ್ವಾತವಾದಾಗ ಗಾಳಿ ಒಳಬಿಡುವುದೇ ಅದರ ಕೆಲಸ, ಗುಂಡಿಯಲ್ಲಿ ನೀರು ನಿಂತಿದ್ದರೆ ಗಾಳಿಯ ಬದಲು ಆ ನೀರನ್ನೇ ಒಳಬಿಡುತ್ತದೆ. ಗುಂಡಿಗೆ ಬಸಿಗಾಲುವೆ ತೆಗೆದು, ಏರ್ ವಾಲ್ವನ್ನು ನೆಲಮಟ್ಟದಿಂದ ಮೇಲಕ್ಕೆ ಎತ್ತಿದರೆ ಈ ಬಾಗಿಲು ಮುಚ್ಚುತ್ತದೆ. ಆಮೇಲೆ ರಸ್ತೆ ಬದಿಯ ಚರಂಡಿಯೊಳಗೆ ಹಾಸಿದ ಮನೆ ಸಂಪರ್ಕದ ಪೈಪುಗಳು, ಟ್ಯೂಬು ಸುತ್ತಿ ಹಗ್ಗ ಕಟ್ಟಿದ ಜೋಡಣೆಗಳು, ಜೆಸಿಬಿ ಕೆಲಸ ನಡೆದ ಜಾಗಗಳು. ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಕ್ಲೋರಿನ್‌ಗೆ ಅದು ಅನುಕೂಲ, ಪಿಎಚ್ 8 ದಾಟಿದರೆ ಕ್ಲೋರಿನ್‌ನ ಬಲ ಕುಗ್ಗುತ್ತದೆ. ಹಳೆಯ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿಗೆ ಮಾತ್ರ ಆಮ್ಲೀಯ ನೀರು ಶತ್ರು, ಒಳಗಿನಿಂದ ತುಕ್ಕು ಹಿಡಿಸಿ ತೂತು ಮಾಡುತ್ತದೆ.

ಮನೆಗಳಿಂದಲೇ ಕೊಳೆ ಲೈನಿಗೆ ಹೋಗುವುದೂ ಉಂಟು, ಇದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಅಕ್ಕಚ್ಚಿನ ಬಾನಿಯಲ್ಲೋ ಕೊಟ್ಟಿಗೆ ತೊಳೆಯುವ ತೊಟ್ಟಿಯಲ್ಲೋ ಮುಳುಗಿದ್ದು, ಅಷ್ಟರಲ್ಲಿ ನೀರು ನಿಂತರೆ ಬಾನಿಯಲ್ಲಿದ್ದದ್ದು ಹಿಮ್ಮುಖವಾಗಿ ಲೈನಿಗೆ ಎಳೆದುಕೊಳ್ಳುತ್ತದೆ. ಲೈನಿಗೇ ಮೋಟಾರ್ ಹಾಕಿ ಎಳೆಯುವ ಮನೆ ಪಕ್ಕದ ಎಲ್ಲ ಬಿರುಕುಗಳಿಂದಲೂ ಕೊಳೆ ಎಳೆಯುತ್ತದೆ. ಸ್ವಂತ ಬಾವಿಯ ಪಂಪು ಮತ್ತು ಪಂಚಾಯಿತಿ ಲೈನನ್ನು ಒಂದೇ ಟೀ ಹಾಕಿ ಜೋಡಿಸಿದ ಮನೆಗಳಲ್ಲಿ, ಹಿಂದಕ್ಕೆ ತಡೆಯುವ ವಾಲ್ವ್ ಇಲ್ಲದಿದ್ದರೆ, ಬಾವಿ ನೀರು ಇಡೀ ಕೇರಿಗೆ ಹೋಗುತ್ತದೆ. ಒಂದೇ ಕೇರಿಯಲ್ಲಿ ಮಾತ್ರ ಇ. ಕೋಲಿ ಸಿಗುತ್ತಿದ್ದು ಪೈಪ್ ಎಲ್ಲೂ ಒಡೆದಿಲ್ಲದಿದ್ದರೆ ಇದನ್ನೇ ಹುಡುಕಬೇಕು.

ಬಾವಿ, ಅಬ್ಬಿ, ತುಂಗೆ

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಆಗುಂಬೆಯಂಥ ಊರುಗಳ ಸುತ್ತ ನೆಲದ ರಚನೆಯೇ ತನಿಖೆಯ ಅರ್ಧ. ಮೇಲೆ ತೂತು ತೂತಾದ ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಶೇಡಿ ಮಣ್ಣು. ಮಳೆ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಸರಸರ ಇಳಿದು ಶೇಡಿಯ ಮೇಲೆ ಅಡ್ಡ ಹರಿಯುತ್ತದೆ. ಮರಳಿನಂತೆ ಇದು ಸೋಸುವುದಿಲ್ಲ. ಬಾವಿಗೂ ಶೌಚದ ಇಂಗುಗುಂಡಿಗೂ 10 ಮೀಟರ್ ಅಂತರ ಸಾಕು ಎಂಬ ಸಾಮಾನ್ಯ ಲೆಕ್ಕ ಇಲ್ಲಿ ಭರವಸೆ ಕೊಡದು. ಗುಂಡಿ ಬಾವಿಗಿಂತ ಮೇಲ್ದಿಣ್ಣೆಯಲ್ಲಿದ್ದರೆ ಅಂತರ ಇನ್ನಷ್ಟು ಬೇಕು. ಆಷಾಢ, ಶ್ರಾವಣದಲ್ಲಿ ಅಂತರ್ಜಲ ಗುಂಡಿಯ ತಳವನ್ನೇ ಮುಟ್ಟುವಾಗ ಗುಂಡಿ ಮತ್ತು ಬಾವಿ ಒಂದೇ ನೀರಿನ ಎರಡು ಕಿಂಡಿಗಳು.

ಯಾವ ಗುಂಡಿಯಿಂದ ಬರುತ್ತಿದೆ ಎಂದು ಖಚಿತವಾಗಬೇಕಿದ್ದರೆ ಉಪ್ಪಿನ ಪರೀಕ್ಷೆ ಮಾಡಬಹುದು. ಮೊದಲು ಮಳೆಯಿಲ್ಲದ ಒಂದು ದಿನ ಬಾವಿ ನೀರನ್ನು ಟಿಡಿಎಸ್ ಪೆನ್ನಿನಲ್ಲಿ ನಾಲ್ಕಾರು ಸಲ ಅಳೆದು ಬರೆದುಕೊಳ್ಳಿ. ಆಮೇಲೆ ಐದರಿಂದ ಹತ್ತು ಕಿಲೋ ಉಪ್ಪನ್ನು ಕರಗಿಸಿ ಅನುಮಾನದ ಗುಂಡಿಗೆ ಸುರಿದು, ಬಾವಿಯಿಂದ ಎಂದಿನಂತೆ ಪಂಪ್ ಮಾಡುತ್ತ ಎರಡು ಗಂಟೆಗೊಮ್ಮೆ ಅಳೆಯಿರಿ. ಮಲೆನಾಡಿನ ಬಾವಿಗಳಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಸಣ್ಣ ಏರಿಕೆಯೂ ಎದ್ದು ಕಾಣುತ್ತದೆ. ಪೆನ್ನಿಗೆ ಇದೇ ತಕ್ಕ ಕೆಲಸ. ಏರಿಕೆ ಕಂಡರೆ ಸಂಪರ್ಕ ಖಚಿತ. ಕಾಣದಿದ್ದರೆ ಸಂಪರ್ಕ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ, ಮಳೆಗಾಲದ ದಾರಿ ಬೇಸಿಗೆಯಲ್ಲಿ ಒಣಗಿರಬಹುದು.

ಬಾವಿಯ ಬಾಯಿಯನ್ನೂ ನೋಡಿ. ಕಟ್ಟೆಯ ಸುತ್ತ ಸಿಮೆಂಟ್ ಬಿರಿದಿದೆಯೇ, ಮೇಲಿನ ಎರಡು ಮೂರು ಮೀಟರ್ ಗೋಡೆಯ ಸಂದುಗಳಿಂದ ನೀರು ಜಿನುಗುತ್ತಿದೆಯೇ, ಅಂಗಳದ ನೀರು ಅತ್ತ ಹರಿಯುತ್ತಿದೆಯೇ. ಅಬ್ಬಿ ನೀರನ್ನು ಪೈಪಿನಲ್ಲಿ ಊರಿಗೆ ತಂದಿದ್ದರೆ ಗುಡ್ಡದ ಮೇಲಿನ ತೊಟ್ಟಿಯ ಮುಚ್ಚಳ, ಜಾಲರಿ, ಅದರ ಮೇಲ್ಗಡೆ ದನ ಮೇಯುವ ಜಾಗ ನೋಡಬೇಕು. ‘ಕಾಡಿನ ನೀರು, ಏನೂ ಆಗಲ್ಲ’ ಎಂಬ ನಂಬಿಕೆ ಹಳೆಯದು. ಆದರೆ ಕಾಡಿನಲ್ಲಿ ಮಂಗ, ಹಂದಿ, ಕಡವೆ ಎಲ್ಲ ಇವೆ, ಅವುಗಳ ಕರುಳಿನಲ್ಲೂ ಇ. ಕೋಲಿ ಇದೆ.

ಶಿವಮೊಗ್ಗ ನಗರಕ್ಕೆ ತುಂಗಾ ನದಿಯ ನೀರು ಶುದ್ಧೀಕರಣವಾಗಿ ಬರುತ್ತದೆ. ಅಲ್ಲಿ ಪ್ರಶ್ನೆ ಬೇರೆ: ಮುಂಗಾರಿನ ಮೊದಲ ನೆರೆಯಲ್ಲಿ ಕೆಂಪು ನೀರು ಬಂದಾಗ, ಕೆಸರನ್ನು ತಳಕ್ಕಿಳಿಸುವ ಆಲಂ ಪ್ರಮಾಣವನ್ನು ಅಷ್ಟೇ ಬೇಗ ಬದಲಿಸಿದರೇ, ಸೋಸುಹಾಸು ಹಿಮ್ಮುಖ ತೊಳೆದ ತಕ್ಷಣದ ಮೊದಲ ನೀರನ್ನು ಹೊರಬಿಟ್ಟರೇ. ಕದಡು 1 ಎನ್‌ಟಿಯು (ಕದಡಿನ ಅಳತೆಯ ಮಾನ) ಒಳಗಿದ್ದರೆ ಕ್ಲೋರಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಾನಕ ಬೇರೆ ಮೂಲವೇ ಇಲ್ಲದಿದ್ದಾಗ ಒಪ್ಪುವ ಮಿತಿ 5. ಅದಕ್ಕೂ ಹೆಚ್ಚಿದ್ದರೆ ಮಣ್ಣಿನ ಕಣದ ಮರೆಯಲ್ಲಿ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ.

ಮಳೆ, ಕೊಟ್ಟಿಗೆ, ಆಳವಿಲ್ಲದ ಬಾವಿ ಮೂರೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವಾಕರ್ಟನ್ ಊರಿನ ಪ್ರಕರಣವನ್ನು ಜಗತ್ತಿನ ನೀರು ಇಲಾಖೆಗಳು ಓದುತ್ತವೆ. 2000ದ ಮೇ ತಿಂಗಳಲ್ಲಿ ಭಾರಿ ಮಳೆ ಹೊಲದ ದನದ ಗೊಬ್ಬರವನ್ನು ಆಳವಿಲ್ಲದ ಒಂದು ಸಾರ್ವಜನಿಕ ಬಾವಿಗೆ ಇಳಿಸಿತು. ಇ. ಕೋಲಿಯ ಅಪಾಯಕಾರಿ ತಳಿ ಒ157:ಎಚ್7 ಮತ್ತು ಕ್ಯಾಂಪಿಲೋಬ್ಯಾಕ್ಟರ್‌ನಿಂದ ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಉಳಿಕೆ ಕ್ಲೋರಿನ್ ಅನ್ನು ದಿನವೂ ಅಳೆಯದೆ ಪುಸ್ತಕದಲ್ಲಿ ಅಂಕಿ ತುಂಬುತ್ತಿದ್ದರು ಎಂಬುದು ವಿಚಾರಣೆಯಲ್ಲಿ ಹೊರಬಂತು. ವರ್ಷವಿಡೀ ಒಂದೇ ಅಂಕಿ ಇರುವ ಕ್ಲೋರಿನ್ ಪುಸ್ತಕ ಎಲ್ಲಿ ಕಂಡರೂ ಅನುಮಾನಿಸಬೇಕು. ಮಳೆಗಾಲದಲ್ಲೂ ಬೇಸಿಗೆಯಲ್ಲೂ ನಿಜವಾದ ಅಳತೆ ಒಂದೇ ಇರಲಾರದು.

ಕಾಯಿಲೆಯ ದಿನಗಳನ್ನು ಹಿಂದಕ್ಕೆ ಎಣಿಸುವುದು

ಆಶಾ ಕಾರ್ಯಕರ್ತೆಯ ಬಳಿ ಇರುವ ವಾಂತಿಭೇದಿ ಪಟ್ಟಿ ನೀರಿನ ತನಿಖೆಗೂ ಬೇಕು. ಯಾರ ಮನೆ, ಯಾವ ದಿನ ಶುರುವಾಯಿತು, ಯಾವ ನೀರು ಕುಡಿದರು. ಮನೆಗಳನ್ನು ಪೈಪ್ ನಕ್ಷೆಯ ಮೇಲೆ ಗುರುತು ಹಾಕಿದಾಗ ರೋಗಿಗಳು ಒಂದೇ ವಾಲ್ವಿನ ಕೆಳಗೆ ಗುಂಪಾಗಿದ್ದರೆ ಅರ್ಧ ಕೆಲಸ ಮುಗಿಯಿತು. ಅದೇ ಕೇರಿಯಲ್ಲಿ ಸ್ವಂತ ಬಾವಿ ನೀರು ಕುಡಿಯುವ ಮನೆಗಳಿಗೆ ಏನೂ ಆಗಿಲ್ಲವೇ ಎಂಬುದೂ ಅಷ್ಟೇ ಮುಖ್ಯ. ಎಲ್ಲರೂ ಒಂದೇ ಮದುವೆಗೆ ಹೋಗಿದ್ದರೆ ನೀರಿನ ಲೈನನ್ನು ಅಗೆಯುವ ಮೊದಲು ಅಡುಗೆಯವರನ್ನು ಕೇಳಿ.

ಕಾಲರಾ ಕೆಲವು ಗಂಟೆಯಿಂದ ಐದು ದಿನದೊಳಗೆ ಕಾಣಿಸುತ್ತದೆ. ಕ್ಯಾಂಪಿಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ, ಟೈಫಾಯ್ಡ್‌ಗೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಹೆಪಟೈಟಿಸ್ ಎ ಕಾಮಾಲೆಗೆ 15ರಿಂದ 50 ದಿನ. ಕಾಮಾಲೆ ಕಂಡ ದಿನ ಹಿಡಿದ ಮಾದರಿ ಶುದ್ಧವಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ, ಕೊಳೆ ಸೇರಿದ್ದು ತಿಂಗಳ ಹಿಂದೆ. ಆಗ ನೋಡಬೇಕಾದದ್ದು ಆ ದಿನಗಳ ಪಂಪ್ ಪುಸ್ತಕ, ಪೈಪ್ ರಿಪೇರಿಯ ಬಿಲ್ಲು, ಮಳೆಯ ಲೆಕ್ಕ.

ಸರಿಪಡಿಸುವ ಲೆಕ್ಕ

ತನಿಖೆ ಮುಗಿಯುವವರೆಗೆ ನೀರನ್ನು ಕುದಿಸಿ ಕುಡಿಯಿರಿ ಎಂದು ಸಾರಬೇಕು. ಗುಳ್ಳೆ ಉಕ್ಕಿ ಒಂದು ನಿಮಿಷ ಕುದಿದರೆ ಸಾಕು. ಉಳಿದದ್ದು ಕ್ಲೋರಿನ್ ಲೆಕ್ಕ, ಮತ್ತು ಅದು ಬೊಗಸೆಯ ಲೆಕ್ಕ ಆಗಬಾರದು.

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಮಳೆಗಾಲದ ತೇವದಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಅದು ಎಲ್ಲಿಗೆ ಇಳಿದಿದೆ ಎಂದು ಕಣ್ಣಿಗೆ ತಿಳಿಯದು. ನೀರು ಎಷ್ಟು ಕ್ಲೋರಿನ್ ತಿನ್ನುತ್ತದೆ ಎಂಬುದೂ ತಿಳಿದಿರುವುದಿಲ್ಲ: ಕಬ್ಬಿಣಾಂಶ ಇರುವ ಕೊಳವೆಬಾವಿ ನೀರಿನಲ್ಲಿ ಪ್ರತಿ 1 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.6 ಮಿಲಿಗ್ರಾಂ ಕ್ಲೋರಿನ್ ಹೋಗುತ್ತದೆ, ದರಗು ಕೊಳೆತ ಕಂದು ನೀರು ಇನ್ನೂ ಹೆಚ್ಚು ತಿನ್ನಬಹುದು. ಎರಡನ್ನೂ ಒಟ್ಟಿಗೆ ಬಗೆಹರಿಸುವುದು ಬಕೆಟ್ ಪರೀಕ್ಷೆ. 40 ಗ್ರಾಂ ಪೌಡರನ್ನು 1 ಲೀಟರ್ ನೀರಿನಲ್ಲಿ ಕಲಸಿ ಸುಣ್ಣ ತಳಕ್ಕೆ ಕೂರಲು ಬಿಡಿ. ಪೌಡರ್ ಶೇ. 25ರದಾಗಿದ್ದರೆ ಮೇಲಿನ ತಿಳಿ ಸುಮಾರು ಶೇ. 1ರ ದ್ರಾವಣ. ನಾಲ್ಕು ಬಕೆಟ್‌ಗಳಲ್ಲಿ 10 ಲೀಟರ್ ಮೂಲದ ನೀರು ತುಂಬಿ ಸಿರಿಂಜಿನಿಂದ 1, 2, 3, 4 ಮಿ.ಲೀ. ತಿಳಿ ಹಾಕಿ, ಕಲಕಿ, ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ 0.5 ತೋರಿಸಿದ ಬಕೆಟ್ ಯಾವುದೋ ಅದೇ ನಿಮ್ಮ ಪ್ರಮಾಣ. ಅದು ಎರಡನೆಯದಾದರೆ 10 ಲೀಟರಿಗೆ 2 ಮಿ.ಲೀ. ತಿಳಿ, ಅಂದರೆ 50,000 ಲೀಟರ್ ಟ್ಯಾಂಕಿಗೆ ಅದೇ ಚೀಲದ ಪೌಡರ್ 400 ಗ್ರಾಂ. ಚೀಲ ಬದಲಾದಾಗ, ಮಳೆಗಾಲ ಶುರುವಾದಾಗ ಮತ್ತೆ ಮಾಡಬೇಕು.

ಪೌಡರನ್ನು ಒಣದಾಗಿ ಟ್ಯಾಂಕಿಗೆ ಸುರಿದರೆ ಸುಣ್ಣ ತಳದಲ್ಲಿ ಕೂತು ಕ್ಲೋರಿನ್ ಬೆರೆಯುವುದಿಲ್ಲ. ತಿಳಿಯನ್ನು ಟ್ಯಾಂಕ್ ತುಂಬಲು ಶುರುವಾದಾಗಲೇ ಹಾಕಿದರೆ ಬೀಳುವ ನೀರೇ ಕಲಕುತ್ತದೆ. ತುಂಬಿದ ಮೇಲೆ ಕನಿಷ್ಠ 30 ನಿಮಿಷ ಕಾದು ವಾಲ್ವ್ ತೆರೆಯಬೇಕು. ಕರೆಂಟ್ ಬಂದ ಹೊತ್ತಿಗೆ ಪಂಪ್ ಹಾಕಿ, ಅದೇ ಹೊತ್ತಿಗೆ ಊರಿಗೂ ನೀರು ಬಿಡುವ ಕಡೆ ಈ ಅರ್ಧ ಗಂಟೆಯೇ ಮಾಯವಾಗುತ್ತದೆ. ಮೊದಲ ಕೆಲವು ಮನೆಗಳಿಗೆ ಕ್ಲೋರಿನ್ ವಾಸನೆಯ ಜೊತೆ ಬದುಕಿರುವ ಬ್ಯಾಕ್ಟೀರಿಯಾವೂ ಹೋಗುತ್ತದೆ.

ಕೆಟ್ಟ ಬಾವಿಗೆ ಒಮ್ಮೆ ಗಟ್ಟಿ ಕ್ಲೋರಿನ್ ಕೊಡುವುದಾದರೆ ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 2.5 ಮೀಟರ್ ವ್ಯಾಸ, 4 ಮೀಟರ್ ನೀರು ಇದ್ದರೆ 19,600 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಲೆಕ್ಕಕ್ಕೆ ಶೇ. 25ರ ಪೌಡರ್ ಸುಮಾರು 4 ಕಿಲೋ ಬೇಕು. ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ಪಂಪ್ ಮಾಡಿ ಹೊರಹಾಕಬೇಕು, ಹಳ್ಳಕ್ಕೂ ಮೀನಿನ ಕೆರೆಗೂ ಬಿಡಬಾರದು. ಕಟ್ಟೆಯ ಬಿರುಕು, ಮೇಲಿನ ಗುಂಡಿ ಹಾಗೇ ಇದ್ದರೆ ಈ ನಾಲ್ಕು ಕಿಲೋ ದಂಡ.

ಒಡೆದ ಪೈಪ್ ಬದಲಿಸಿದ ಮೇಲೆ ಆ ತುಂಡನ್ನು ನೀರು ತಿಳಿಯಾಗುವವರೆಗೆ ತೊಳೆದು, ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ನೀರು ತುಂಬಿ 24 ಗಂಟೆ ನಿಲ್ಲಿಸಬೇಕು. ಕೊನೆಗೆ ಅಳೆದಾಗ 10ಕ್ಕಿಂತ ಕಡಿಮೆ ಇದ್ದರೆ ಮತ್ತೆ ಮಾಡಬೇಕು. 75 ಮಿ.ಮೀ. ಪೈಪಿನ 500 ಮೀಟರ್ ಉದ್ದದಲ್ಲಿ ಹಿಡಿಯುವುದು ಸುಮಾರು 2,200 ಲೀಟರ್, ಅದಕ್ಕೆ 220 ಗ್ರಾಂ ಪೌಡರ್ ಸಾಕು. ಆ ಒಂದು ದಿನ ಆ ಕೇರಿಯ ನಲ್ಲಿಗಳನ್ನು ಯಾರೂ ತೆರೆಯದಂತೆ ಮನೆಮನೆಗೆ ಹೇಳಬೇಕಾದದ್ದೇ ಕಷ್ಟದ ಭಾಗ.

ಆಮೇಲೆ ಒಂದು ದಿನದ ಅಂತರದಲ್ಲಿ ಎರಡು ಮಾದರಿ, ಕುಸಿತ ಕಂಡಿದ್ದ ಜಾಗದ ಆಚೆ ಈಚೆಯಿಂದ. ಎರಡೂ ಸರಿ ಬಂದರೆ ಕುದಿಸಿ ಕುಡಿಯುವ ಸೂಚನೆ ತೆಗೆಯಬಹುದು. ಮುಂದಿನ ದೊಡ್ಡ ಮಳೆಯ ಮರುದಿನ ಇನ್ನೊಂದು ಮಾದರಿ ಹಿಡಿಯುವ ದಿನಾಂಕವನ್ನು ಮಾತ್ರ ಖಾಲಿ ಬಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಮುಚ್ಚಿದ ದಾರಿ ನಿಜವಾಗಿ ಮುಚ್ಚಿದೆಯೇ ಎಂದು ಹೇಳುವುದು ಆ ಮಾದರಿ. ಸೂಚನೆ ತೆಗೆಯುವ ಮೊದಲು ಮನೆಗಳ ಸಿಂಟೆಕ್ಸ್ ಟ್ಯಾಂಕ್, ಸಂಪು, ಕುಡಿಯುವ ನೀರಿನ ಕೊಡಗಳನ್ನೂ ಖಾಲಿ ಮಾಡಿ ಉಜ್ಜಿ ತೊಳೆಯಲು ಹೇಳಬೇಕು. ಲೈನಿನಲ್ಲಿ ಶುದ್ಧ ನೀರು ಬರತೊಡಗಿದ ವಾರದ ಮೇಲೂ ಹಳೆಯ ಕೊಳೆ ನೀರು ಅವುಗಳ ತಳದಲ್ಲಿ ಉಳಿದಿರುತ್ತದೆ.